ಅಕ್ವೇರಿಯಂ ಕೆಳಗೆ ಸಂಪ್: ಕರೆಂಟ್ ಹೋದರೂ ನೀರು ನೆಲಕ್ಕೆ ಬರದಂತೆ

ಕೊಡಗಿನಲ್ಲಿ ದೊಡ್ಡ ಅಕ್ವೇರಿಯಂ ಇಡಬೇಕು ಅಂದರೆ ಮೊದಲು ಯೋಚಿಸಬೇಕಾದ್ದು ಮೀನಿನ ಬಗ್ಗೆ ಅಲ್ಲ, ಕರೆಂಟಿನ ಬಗ್ಗೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಸುದ್ದಿಯೇ ಅಲ್ಲ. ಚಿಕ್ಕ ತೊಟ್ಟಿಗಾದರೆ ಇದರಿಂದ ದೊಡ್ಡ ತಾಪತ್ರಯ ಇಲ್ಲ. ನಾಲ್ಕಡಿ ತೊಟ್ಟಿ, ಅದರ ಸ್ಟ್ಯಾಂಡ್ ಒಳಗೆ ಸಂಪ್ ಫಿಲ್ಟರ್ ಎಂದು ಹೊರಟರೆ ಮಾತು ಬೇರೆ. ಪಂಪ್ ನಿಂತ ಕೂಡಲೇ ಮೇಲಿನ ನೀರು ಎಷ್ಟು ಕೆಳಗೆ ಇಳಿಯುತ್ತದೆ ಎನ್ನುವ ಲೆಕ್ಕ ಸ್ಟ್ಯಾಂಡ್ ಮಾಡಿಸುವ ಮೊದಲೇ ಕೈಯಲ್ಲಿರಬೇಕು.

ಸಂಪ್ ಅಂದರೆ ಸ್ಟ್ಯಾಂಡ್ ಕೆಳಗೆ ಇಡುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ತೊಟ್ಟಿಯ ನೀರು ಪೈಪಿನಲ್ಲಿ ತಾನಾಗಿ ಇದಕ್ಕೆ ಇಳಿಯುತ್ತದೆ. ಸ್ವಚ್ಛವಾದ ಮೇಲೆ ಪಂಪ್ ಅದನ್ನು ವಾಪಸ್ ಮೇಲಕ್ಕೆ ತಳ್ಳುತ್ತದೆ.

ಮೊದಲು ಜಾಗ, ಆಮೇಲೆ ಸ್ಟ್ಯಾಂಡ್

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 250 ಲೀಟರ್. ಅಂದರೆ 250 ಕೆ.ಜಿ. ನೀರು. 10 ಮಿ.ಮೀ. ಗಾಜಿನದೇ 50 ಕೆ.ಜಿ. ಆಗುತ್ತದೆ. ಮರಳು, ಕಲ್ಲು, ಕೆಳಗಿನ ಸಂಪ್ ಎಲ್ಲ ಸೇರಿದರೆ ತೂಕ 400 ಕೆ.ಜಿ. ದಾಟುತ್ತದೆ. ಹಲಗೆ ಹಾಸಿದ ಹಳೇ ಮನೆಯ ಮಾಳಿಗೆಯಲ್ಲಿ ಇದನ್ನು ಇಡಲೇಬೇಡಿ. ನೆಲಮಹಡಿಯೇ ಸರಿ. ಗೋಡೆಗೆ ಒತ್ತಿ ಇಡುವುದೂ ಬೇಡ. ಕಕ್ಕಡ ತಿಂಗಳ ಜೋರು ಮಳೆಗೆ ಗೋಡೆಯೇ ಬೆವರುತ್ತದೆ, ಅಲ್ವಾ? ನಾಲ್ಕು ಇಂಚು ಬಿಟ್ಟರೆ ಗಾಳಿಯೂ ಆಡುತ್ತದೆ, ಪೈಪಿಗೆ ಕೈ ಹಾಕಲು ಜಾಗವೂ ಸಿಗುತ್ತದೆ. ಜಗಲಿಯಲ್ಲಿ ಇಟ್ಟರೆ ನೋಡಲು ಚೆಂದ. ಆದರೆ ಬಿಸಿಲು ಬಿದ್ದು ಗಾಜಿಗೆಲ್ಲ ಪಾಚಿ ಹಿಡಿಯುತ್ತದೆ.

ಸ್ಟ್ಯಾಂಡ್ ಯಾವುದರಲ್ಲಿ? ತೋಟದಲ್ಲೇ ಇರುವ ಸಿಲ್ವರ್ ಓಕ್ ಕೊಯ್ಸಿ ಮಾಡಿಸೋಣ ಎಂದು ಹಲವರಿಗೆ ಅನಿಸುತ್ತದೆ. ನನ್ನ ಮತ ಅದಕ್ಕಿಲ್ಲ. ಒದ್ದೆಯಾಗುವ ಜಾಗಕ್ಕೆ ಅದು ಬಾಳಿಕೆಯ ಮರವಲ್ಲ, ಗೆದ್ದಲೂ ಬಿಡುವುದಿಲ್ಲ. ಚೆನ್ನಾಗಿ ಒಣಗಿದ ಹಲಸು ಅಥವಾ ತೇಗ ಇದ್ದರೆ ಬೇರೆ ಮಾತು. ಇಲ್ಲದಿದ್ದರೆ ಒಂದೂವರೆ ಇಂಚಿನ, 2 ಮಿ.ಮೀ. ದಪ್ಪದ ಚೌಕ ಕಬ್ಬಿಣದ ಪೈಪ್ ಸಾಕು. ಕುಶಾಲನಗರ, ಗೋಣಿಕೊಪ್ಪದಂಥ ಊರಿನ ಯಾವುದೇ ವೆಲ್ಡಿಂಗ್ ಶಾಪಿನಲ್ಲಿ ಇದನ್ನು ಮಾಡಿಕೊಡುತ್ತಾರೆ. ಎತ್ತರ 30 ಇಂಚು ಇರಲಿ. ಮೇಲಿನ ಚೌಕಟ್ಟು ನೇರವಾಗಿ ಕಾಲುಗಳ ಮೇಲೆ ಕೂರಬೇಕು. ಕಾಲಿನ ಪಕ್ಕಕ್ಕೆ ಅಂಟಿಸಿದಂತೆ ವೆಲ್ಡ್ ಮಾಡಿದರೆ ಪೂರ್ತಿ ಭಾರ ಆ ಜೋಡಣೆಯ ಮೇಲೇ ಬೀಳುತ್ತದೆ. ಮುಂಭಾಗದ ನಡುವೆ ಕಂಬ ಬೇಡ ಎಂದು ಮೊದಲೇ ಹೇಳಿ. ಆ ಕಂಬ ಇದ್ದರೆ ಸಂಪ್ ಒಳಗೆ ಹೋಗುವುದಿಲ್ಲ, ಹೋದರೂ ಆಮೇಲೆ ಹೊರಗೆ ಬರುವುದಿಲ್ಲ. ಅದರ ಬದಲು ಮೇಲಿನ ಚೌಕಟ್ಟಿಗೆ ಅಡ್ಡಪಟ್ಟಿಗಳನ್ನು ಜಾಸ್ತಿ ಹಾಕಿಸಿ.

ಪೇಂಟ್ ವಿಷಯದಲ್ಲಿ ಜಿಪುಣತನ ಬೇಡ. ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎರಡು ಕೋಟ್ ಎಪಾಕ್ಸಿ. ಪೈಪಿನ ಬಾಯಿಗಳನ್ನೆಲ್ಲ ಮುಚ್ಚಿಸಿ, ತುಕ್ಕು ಶುರುವಾಗುವುದೇ ಒಳಗಿನಿಂದ. ಮೇಲೆ 18 ಮಿ.ಮೀ. ಮೆರೈನ್ ಪ್ಲೈವುಡ್, ಅದರ ಮೇಲೆ 10 ಮಿ.ಮೀ. ಥರ್ಮೋಕೋಲ್ ಹಾಸಿ, ಆಮೇಲೆ ತೊಟ್ಟಿ ಇಡಿ. ಸಣ್ಣ ಮರಳು ಕಾಳೊಂದು ಗಾಜಿನ ಅಡಿಗೆ ಸಿಕ್ಕಿಕೊಂಡರೂ ತಳ ಸೀಳಬಹುದು. ಥರ್ಮೋಕೋಲ್ ಆ ಅಪಾಯ ತಪ್ಪಿಸುತ್ತದೆ.

ಹಳೇ ಮನೆಗಳಲ್ಲಿ ನೆಲ ತೊಳೆದ ನೀರು ಹೋಗಲೆಂದು ಬಾಗಿಲ ಕಡೆಗೆ ಇಳಿಜಾರು ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ನಾಲ್ಕಡಿಯಲ್ಲಿ ಅರ್ಧ ಇಂಚು ವ್ಯತ್ಯಾಸ ಬರಬಹುದು. ಆದ್ದರಿಂದ ಕಾಲುಗಳಿಗೆ ತಿರುಗಿಸುವ ಬುಷ್ ಹಾಕಿಸಿ. ಮೇಸ್ತ್ರಿಯ ಲೆವೆಲ್ ಟ್ಯೂಬ್ ಹಿಡಿದು ನಾಲ್ಕೂ ಮೂಲೆ ಸಮ ಮಾಡಿ. ತೊಟ್ಟಿ ತುಂಬಿದ ಮೇಲೆ ಇದನ್ನು ಸರಿಪಡಿಸಲು ಆಗುವುದಿಲ್ಲ.

ಸಂಪ್ ಒಳಗೆ ಏನೇನು

ಈ ಸ್ಟ್ಯಾಂಡಿಗೆ 36 ಇಂಚು ಉದ್ದ, 12 ಅಗಲ, 15 ಎತ್ತರದ ಸಂಪ್ ಹೊಂದುತ್ತದೆ. ಅಡ್ಡ ಗಾಜು ಅಂಟಿಸಿ ಮೂರು ಕೋಣೆ ಮಾಡಿಸಿ. ನೀರು ಇಳಿಯುವ ಮೊದಲ ಕೋಣೆಯಲ್ಲಿ ಫಿಲ್ಟರ್ ಚೀಲ ಅಥವಾ ಸ್ಪಂಜ್. ಕಸವೆಲ್ಲ ಅಲ್ಲೇ ನಿಲ್ಲಬೇಕು. ನಡುವಿನ ದೊಡ್ಡ ಕೋಣೆಯಲ್ಲಿ ಸೆರಾಮಿಕ್ ರಿಂಗ್. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಮನೆ ಮಾಡುವುದು ಇಲ್ಲೇ. ಕೊನೆಯ ಕೋಣೆಯಲ್ಲಿ ಪಂಪ್.

ಗಂಟೆಗೆ ತೊಟ್ಟಿಯ ನೀರಿನ ಐದು ಪಟ್ಟು ತಿರುಗಿದರೆ ಸಾಕು. ಅಂದರೆ ಸುಮಾರು 1,250 ಲೀಟರ್. ಹಾಗೆಂದು 1,250ರ ಪಂಪ್ ತರಬೇಡಿ. ನಾಲ್ಕೈದು ಅಡಿ ಮೇಲಕ್ಕೆ ತಳ್ಳುವಾಗ ಪಂಪಿನ ಶಕ್ತಿ ಬಹಳ ಇಳಿಯುತ್ತದೆ. 2,000ದಿಂದ 2,500 ಲೀಟರಿನದು ತಂದು, ಜಾಸ್ತಿಯಾದರೆ ವಾಲ್ವ್ ತಿರುಗಿಸಿ ಕಡಿಮೆ ಮಾಡಿಕೊಳ್ಳಿ.

ನೀರು ಇಳಿಯಲು ಒಂದೂಕಾಲು ಇಂಚಿನ ಪೈಪ್ ಒಂದು, ಅದಕ್ಕಿಂತ ಸ್ವಲ್ಪ ಮೇಲೆ ಬಾಯಿ ಇರುವ ತುರ್ತು ಪೈಪ್ ಇನ್ನೊಂದು. ಎಲೆಯೋ ಬಸವನಹುಳುವೋ ಸಿಕ್ಕಿ ಮೊದಲಿನದು ಕಟ್ಟಿದರೆ ಎರಡನೆಯದು ಕಾಪಾಡುತ್ತದೆ. ಇವಕ್ಕೆ ಬೇಕಾದ ತೂತುಗಳನ್ನು ತೊಟ್ಟಿ ಮಾಡಿಸುವಾಗಲೇ ಹೇಳಿ ಹೊಡೆಸಿ. ಟಫನ್ಡ್ ಗಾಜಾದರೆ ಆಮೇಲೆ ಡ್ರಿಲ್ ತಾಗಿಸಿದರೆ ಪುಡಿಯಾಗುತ್ತದೆ.

ಕರೆಂಟ್ ಹೋದ ಆ ಎರಡು ನಿಮಿಷ

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ತುಂಬಿದ ಸಂಪ್ ಖಂಡಿತ ತುಳುಕುತ್ತದೆ. ನಮ್ಮ ತೊಟ್ಟಿಯಲ್ಲಿ ನೀರು ಒಂದು ಇಂಚು ಇಳಿದರೆ ಅದು 14 ಲೀಟರ್. ಸಂಪ್ ಓಡುವಾಗ ಅದರಲ್ಲಿ 9 ಇಂಚು ನೀರಿದ್ದರೆ ಮೇಲೆ ಖಾಲಿ ಉಳಿಯುವ ಜಾಗ ಸುಮಾರು 42 ಲೀಟರ್. ಒಂದು ಇಂಚು ಇಳಿದು ಬಂದರೆ ಆರಾಮ. ಮೂರು ಇಂಚು ಬಂದರೆ ಬಾಯಿಮಟ್ಟ ತುಂಬಿತು, ಪೈಪಿನಲ್ಲಿದ್ದ ನೀರು ನೆಲಕ್ಕೆ.

ಮೂರು ಇಂಚು ಯಾಕೆ ಬರುತ್ತದೆ? ನೀರು ವಾಪಸ್ ಬಿಡುವ ಪೈಪಿನ ಬಾಯಿ ತೊಟ್ಟಿಯಲ್ಲಿ ಆಳಕ್ಕೆ ಇದ್ದರೆ, ಪಂಪ್ ನಿಂತಾಗ ಅದೇ ಪೈಪ್ ಸೈಫನ್ ಆಗಿ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಬಾಯಿ ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗಷ್ಟೇ ಇರಲಿ. ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಚಿಕ್ಕ ತೂತನ್ನೂ ಹೊಡೆಯಿರಿ. ನೀರು ಅಲ್ಲಿಗೆ ಇಳಿದ ತಕ್ಷಣ ಗಾಳಿ ನುಗ್ಗಿ ಸೈಫನ್ ತುಂಡಾಗುತ್ತದೆ. ಈ ತೂತಿಗೆ ಪಾಚಿ ಕಟ್ಟುತ್ತದೆ, ಆಗಾಗ ಕಡ್ಡಿ ಹಾಕಿ ಬಿಡಿಸಿ. ನೀರನ್ನು ಹಿಂದಕ್ಕೆ ಬಿಡದ ಚೆಕ್ ವಾಲ್ವ್ ಹಾಕಿದ್ದೇನೆ ಎಂದು ಸುಮ್ನೆ ಕೂರಬೇಡಿ. ಒಂದು ಬಸವನಹುಳು ಸಿಕ್ಕಿಕೊಂಡರೆ ಅದು ಮುಚ್ಚುವುದೇ ಇಲ್ಲ.

ಮೀನು ತರುವ ಮೊದಲು ಪರೀಕ್ಷೆ ಮಾಡಿ. ಎಲ್ಲ ಓಡುತ್ತಿರುವಾಗ ಸ್ವಿಚ್ ಆರಿಸಿ. ನೀರು ಎಲ್ಲಿಗೆ ಏರಿ ನಿಲ್ಲುತ್ತದೆ ನೋಡಿ. ಪುನಃ ಹಾಕಿ, ಸರಿಯಾಗಿ ಓಡುವಾಗಿನ ಮಟ್ಟಕ್ಕೆ ಸಂಪಿನ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಆ ಗೆರೆ ದಾಟಿ ಯಾರೂ ನೀರು ತುಂಬಿಸಬಾರದು.

ಇನ್ವರ್ಟರಿಗೆ ಪಂಪ್ ಮತ್ತು ಏರ್ ಪಂಪ್ ಮಾತ್ರ ಕೊಡಿ. ಸಾಧಾರಣ 30–40 ವಾಟ್ ಎಳೆಯುತ್ತವೆ. 200 ವಾಟಿನ ಹೀಟರ್ ಅದಕ್ಕೆ ಬೇಡ, 250 ಲೀಟರ್ ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಡಿಸೆಂಬರ್, ಜನವರಿಯ ಮಡಿಕೇರಿ ಚಳಿಗೆ ಹೀಟರ್ ಬೇಕೇ ಬೇಕು. ಅದನ್ನು ಸಂಪಿನ ನಡುವಿನ ಕೋಣೆಯಲ್ಲಿಡಿ. ನೀರು ಆವಿಯಾಗಿ ಮಟ್ಟ ಇಳಿಯುವುದು ಪಂಪ್ ಇರುವ ಕೊನೆಯ ಕೋಣೆಯಲ್ಲಿ. ಅಲ್ಲಿ ಹೀಟರ್ ನೀರಿನಿಂದ ಹೊರಬಂದರೆ ಗಾಜು ಒಡೆಯುತ್ತದೆ.

ಪ್ಲಗ್ ಬೋರ್ಡ್ ಸಂಪಿನ ಮೇಲ್ಗಡೆ ಬೇಡ, ಸ್ಟ್ಯಾಂಡಿನ ಹೊರಗೆ ಎತ್ತರದಲ್ಲಿರಲಿ. ಪ್ರತಿ ವೈರೂ ಪ್ಲಗ್‌ಗೆ ಹೋಗುವ ಮೊದಲು ಕೆಳಗೆ ಬಾಗಿ ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇಲ್ಲದೆ ನೀರಿಗೆ ಕೈ ಹಾಕುವ ಮಾತೇ ಬೇಡ.

ನಮ್ಮ ನೀರು

ಕೊಡಗಿನ ಬಾವಿ, ಒರತೆ ನೀರು ಸಾಮಾನ್ಯವಾಗಿ ಮೆದು, ಅಂದರೆ ಅದರಲ್ಲಿ ಲವಣ ಕಡಿಮೆ. ಕುಡಿಯಲು ಒಳ್ಳೆಯದು. ಆದರೆ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರಿನ ಕ್ಷಾರ ತಿನ್ನುತ್ತದೆ, ಪಿಎಚ್ ಇಳಿಯುತ್ತಾ ಹೋಗುತ್ತದೆ. ತೊಳೆದ ಕಪ್ಪೆಚಿಪ್ಪಿನ ಚೂರು ಒಂದೆರಡು ಹಿಡಿ ಬಲೆ ಚೀಲದಲ್ಲಿ ಕಟ್ಟಿ ನಡುವಿನ ಕೋಣೆಯಲ್ಲಿಟ್ಟರೆ ಇದು ಹತೋಟಿಗೆ ಬರುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಬಳಸಿ.

ಹೊಸ ಸಂಪ್ ಹದಕ್ಕೆ ಬರಲು, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು, ನಾಲ್ಕರಿಂದ ಆರು ವಾರ ಬೇಕು, ಚಳಿಗಾಲದಲ್ಲಿ ಇನ್ನೂ ನಿಧಾನ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಿವೆ ಎಂದು ಟೆಸ್ಟ್ ಕಿಟ್ ತೋರಿಸಿದ ಮೇಲೆ ನಾಲ್ಕೈದು ಮೀನಿನಿಂದ ಶುರು ಮಾಡಿ. ಫಿಲ್ಟರ್ ಚೀಲವನ್ನು ವಾರಕ್ಕೊಮ್ಮೆ ತೊಳೆಯಿರಿ. ರಿಂಗ್‌ಗಳನ್ನು ಮಾತ್ರ ನಲ್ಲಿ ಕೆಳಗೆ ಹಿಡಿಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಿ. ಆ ಕೊಳೆ ನೀರನ್ನು ಆಂಥೂರಿಯಂ ಕುಂಡಗಳಿಗೆ ಹಾಕಬಹುದು.