ಬೋರ್ಡೊಗೆ ಬೆರೆಸುವ ಮುನ್ನ ಸುಣ್ಣದ ಕಾವು ಅಳೆಯುವುದು ಹೇಗೆ?

ಕೊಡಗಿನಲ್ಲಿ ಮುಂಗಾರು ಹಿಡಿದುಕೊಳ್ಳುವ ಮೊದಲೇ ಕಾಫಿ ಗಿಡಕ್ಕೂ ಮೆಣಸಿನ ಬಳ್ಳಿಗೂ ಬೋರ್ಡೊ, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶಿಲೀಂಧ್ರನಾಶಕ, ಹೊಡೆದು ಮುಗಿಸಬೇಕು. ಮೈಲುತುತ್ತ (ತಾಮ್ರದ ಸಲ್ಫೇಟ್) ಕೊಳ್ಳುವಾಗ ಹರಳಿನ ಬಣ್ಣ ನೋಡುತ್ತೇವೆ, ತೂಕ ನೋಡುತ್ತೇವೆ. ಸುಣ್ಣವನ್ನು ಮಾತ್ರ ಕಣ್ಣುಮುಚ್ಚಿ ತರುತ್ತೇವೆ. ಎಲೆ ಸುಟ್ಟರೆ ದೂರು ಮೈಲುತುತ್ತದ ಮೇಲೆ. ತಪ್ಪು ಸುಣ್ಣದ್ದೂ ಇರಬಹುದು. ಸುಣ್ಣದಲ್ಲಿ ಕಸುವು ಎಷ್ಟು ಉಳಿದಿದೆ ಎಂದು ಕಾಲು ಗಂಟೆಯಲ್ಲಿ ತಿಳಿಯಬಹುದು. ಬೇಕಾದದ್ದು ಒಂದು ಫ್ಲಾಸ್ಕ್, ಒಂದು ಥರ್ಮಾಮೀಟರ್, ಗ್ರಾಂ ತೋರಿಸುವ ತಕ್ಕಡಿ.

ಮೊದಲು ಈ ಕಾವು ಎಲ್ಲಿಂದ ಬರುತ್ತದೆ ನೋಡೋಣ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಆಗ ಅದು ಮೋಲ್‌ಗೆ ಸುಮಾರು 178 ಕಿಲೋಜೂಲ್ ಹೀರುತ್ತದೆ. ಮೋಲ್ ಎಂಬುದು ರಸಾಯನಶಾಸ್ತ್ರದ ಅಳತೆ, ಸುಟ್ಟಸುಣ್ಣದ ಒಂದು ಮೋಲ್ ಎಂದರೆ 56 ಗ್ರಾಂ. ನೀರು ಬಿದ್ದು ಅರಳುವಾಗ 65 ಕಿಲೋಜೂಲ್ ವಾಪಸ್ ಕೊಡುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹಿಡಿದು ಮತ್ತೆ ಕಲ್ಲಾಗುವಾಗ ಉಳಿದ 113. ಲೆಕ್ಕ ಚುಕ್ತಾ. ದಾರಿ ಯಾವುದಾದರೂ ಒಟ್ಟು ಶಾಖ ಒಂದೇ ಎಂಬ ಈ ನಿಯಮವನ್ನು ಹೆಸ್ 1840ರಲ್ಲಿ ಮಂಡಿಸಿದರು. ಒತ್ತಡ ಬದಲಾಗದ ತೆರೆದ ಪಾತ್ರೆಯಲ್ಲಿ ಹೀಗೆ ಹೊರಬರುವ ಅಥವಾ ಒಳಸೇರುವ ಶಾಖವೇ ಎಂಥಾಲ್ಪಿ ಬದಲಾವಣೆ. ಹೊರಬಂದರೆ ಋಣ ಚಿಹ್ನೆ, ಒಳಸೇರಿದರೆ ಧನ.

ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ ಕೊಡಗಿನ ತೇವದ ಗಾಳಿಗೆ ಈ ಶಾಖವನ್ನೆಲ್ಲ ಸದ್ದಿಲ್ಲದೆ ಕೊಟ್ಟುಬಿಟ್ಟಿರುತ್ತದೆ. ಪುಡಿ ಬೆಳ್ಳಗೇ ಇರುತ್ತದೆ, ಕಸುವು ಮಾತ್ರ ಇರುವುದಿಲ್ಲ.

ಪರೀಕ್ಷೆಗೆ ಅಗಲ ಬಾಯಿಯ ಫ್ಲಾಸ್ಕ್‌ಗೆ 200 ಮಿಲಿಲೀಟರ್ ನೀರು ಅಳೆದು ಹಾಕಿ, ಐದು ನಿಮಿಷ ಬಿಟ್ಟು ತಾಪ ಬರೆದುಕೊಳ್ಳಿ. ಜ್ವರದ ಥರ್ಮಾಮೀಟರ್ ಆಗದು, ಅದರ ಅಳತೆ 42 ಡಿಗ್ರಿಯ ಆಸುಪಾಸಿಗೇ ನಿಲ್ಲುತ್ತದೆ. ಅಡುಗೆಮನೆಯ ಡಿಜಿಟಲ್ ಕಡ್ಡಿ ಒಳ್ಳೆಯದು. ಚೀಲದ ನಡುವಿನಿಂದ ಸುಣ್ಣದ ಗಟ್ಟಿ ತೆಗೆದು ಕುಟ್ಟಿ, 14 ಗ್ರಾಂ ತೂಗಿ. ಇದು ಕಾಲು ಮೋಲ್. ಕನ್ನಡಕ, ಕೈಗವಸು ಹಾಕಿಕೊಂಡೇ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಸುರಿಯುತ್ತ ಮರದ ಕಡ್ಡಿಯಿಂದ ಕಲಕಿ. ಫ್ಲಾಸ್ಕಿನ ಮುಚ್ಚಳ ಬಿಗಿಯಬೇಡಿ. ಅರ್ಧ ನಿಮಿಷಕ್ಕೊಮ್ಮೆ ತಾಪ ನೋಡಿ, ಅತಿ ಹೆಚ್ಚಿನದನ್ನು ಬರೆಯಿರಿ. ಅತಿಯಾಗಿ ಸುಟ್ಟ ಸುಣ್ಣ ನಿಧಾನಕ್ಕೆ ಅರಳುತ್ತದೆ, ಹಾಗಾಗಿ ಹತ್ತು ನಿಮಿಷ ಬಿಡದೆ ಕಾಯಬೇಕು.

ಕಾಲು ಮೋಲ್‌ನಿಂದ ಬರುವ ಶಾಖ ಸುಮಾರು 16.3 ಕಿಲೋಜೂಲ್. ಒಂದು ಗ್ರಾಂ ನೀರಿನ ತಾಪ ಒಂದು ಡಿಗ್ರಿ ಏರಲು 4.18 ಜೂಲ್ ಬೇಕು. ಅಂದರೆ ಶುದ್ಧ ಸುಣ್ಣವಾದರೆ 19 ಡಿಗ್ರಿಯಷ್ಟು ಏರಬೇಕು. ಫ್ಲಾಸ್ಕ್ ತಾನೂ ಸ್ವಲ್ಪ ಶಾಖ ನುಂಗುವುದರಿಂದ 17 ಬಂದರೂ ಸುಣ್ಣ ಉತ್ತಮವೇ. 10 ದಾಟಿದರೆ ಧೈರ್ಯವಾಗಿ ಬಳಸಿ. ಏಕೆಂದರೆ ಸೂತ್ರದ ಪ್ರಕಾರ 1 ಕಿಲೋ ಮೈಲುತುತ್ತಕ್ಕೆ ಶುದ್ಧ ಸುಟ್ಟಸುಣ್ಣ 225 ಗ್ರಾಂ ಸಾಕು. ನಾವು ಹಾಕುವ 1 ಕಿಲೋ ಸುಣ್ಣದಲ್ಲಿ ಉಳಿದದ್ದು ಕಾವಲಿಗೆ. 5 ಡಿಗ್ರಿಯೂ ಏರದಿದ್ದರೆ ಆ ಸುಣ್ಣವನ್ನು ನಂಬಬೇಡಿ.

ಆದರೆ ಎಸೆಯುವ ಮೊದಲು ಇನ್ನೊಂದು ಪರೀಕ್ಷೆ ಇದೆ. ಅರಳಿ ಮುಗಿದ ಸುಣ್ಣವೂ ಕಾವು ಕೊಡುವುದಿಲ್ಲ, ಆದರೂ ಬೋರ್ಡೊಗೆ ಅದು ಆಗುತ್ತದೆ. ಚಿಟಿಕೆ ಪುಡಿಗೆ ವಿನೆಗರ್ ಬಿಡಿ. ಬುಸ್ಸೆಂದು ನೊರೆ ಉಕ್ಕಿದರೆ ಅದು ಮತ್ತೆ ಕಲ್ಲಾಗಿದೆ. ನೊರೆಯಿಲ್ಲದೆ ಕರಗಿದರೆ ಅರಳಿದ ಸುಣ್ಣ. 1 ಕಿಲೋ ಬದಲು 1.3 ಕಿಲೋ ಹಾಕಿ.

ಇನ್ನು ಶೇ 1ರ ಬೋರ್ಡೊ, 100 ಲೀಟರ್‌ಗೆ. 1 ಕಿಲೋ ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸಿ. ಈ ಹರಳು ಕರಗುವಾಗ ಶಾಖ ಹೀರುತ್ತದೆ, ಆದರೆ ಅಷ್ಟು ನೀರಿನಲ್ಲಿ ಕಾಲು ಡಿಗ್ರಿಯೂ ಇಳಿಯದು. ಸುಣ್ಣದ ಕಥೆ ಬೇರೆ. 1 ಕಿಲೋ ಸುಟ್ಟಸುಣ್ಣ ಬಿಡುವ 1,160 ಕಿಲೋಜೂಲ್‌ಗೆ ಮೂರು ಲೀಟರ್ ತಣ್ಣೀರು ಕುದಿಯುತ್ತದೆ. ಹಾಗೆಂದು ಒಮ್ಮೆಲೇ 50 ಲೀಟರ್‌ನಲ್ಲಿ ಮುಳುಗಿಸಿದರೆ ಬರೀ ಐದಾರು ಡಿಗ್ರಿ ಏರಿ, ಸುಣ್ಣ ದಪ್ಪ ಕಾಳಾಗಿ ಅರೆಬರೆ ಅರಳುತ್ತದೆ. ಮೂರು ನಾಲ್ಕು ಲೀಟರ್ ನೀರನ್ನು ದೂರ ನಿಂತು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಬಿಸಿಯಲ್ಲೇ ಅರಳಿಸಿ, ನುಣುಪಾದ ಮೇಲೆ ಸೋಸಿ, ಉಳಿದ ನೀರು ಸೇರಿಸಿ. ಸುಣ್ಣ ಕಣ್ಣಿಗೆ ಸಿಡಿದರೆ ಕೂಡಲೇ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಿ.

ಸೋಸಿದ ಸುಣ್ಣದ ನೀರು ಪೂರ್ತಿ ತಣ್ಣಗಾದ ಬಳಿಕವೇ ಮೈಲುತುತ್ತದ ನೀರನ್ನು ಅದಕ್ಕೆ ಕಲಕುತ್ತ ಸುರಿಯಿರಿ. ಬಿಸಿ ಸುಣ್ಣಕ್ಕೆ ಬಿದ್ದರೆ ತಿಳಿನೀಲಿ ಕೆಸರು ಕಪ್ಪಾಗುತ್ತದೆ. ಅದು ತಳಕ್ಕಿಳಿದು ನಾಜಲ್ ಕಟ್ಟುತ್ತದೆ, ಎಲೆಗೂ ಅಂಟದು. ಕೊನೆಗೆ ಉಜ್ಜಿ ಹೊಳಪಿಸಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ತಾಮ್ರ ಹತ್ತಿದ್ದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ ನೋಡಿ. ಕದಡಿದ್ದನ್ನು ಅಂದೇ ಹೊಡೆದು ಮುಗಿಸಿ.

ಉಳಿದ ಸುಟ್ಟಸುಣ್ಣವನ್ನು ಗೋಣಿಚೀಲದಲ್ಲಿ ಬಿಡಬೇಡಿ. ಸೋರುವ ಮಾಡಿನಿಂದ ನೀರು ತೊಟ್ಟಿಕ್ಕಿದರೆ ಆ ಕಾವಿಗೆ ಗೋಣಿಗೇ ಬೆಂಕಿ ಹತ್ತಬಹುದು. ಮುಚ್ಚಳ ಬಿಗಿಯಾದ ಒಣ ಡ್ರಮ್ಮಿಗೆ ತುಂಬಿ, ನೆಲದಿಂದ ಎತ್ತರದಲ್ಲಿಡಿ.