ಆಲ್ಕೋಹಾಲ್‌ಗೆ ಹೆಸರಿಡುವುದು ಹೇಗೆ?

ಶಂಕರಪುರ ಮಲ್ಲಿಗೆಯ ಅಟ್ಟೆ ಬಿಚ್ಚಿದರೆ ಉಡುಪಿಯ ರಥಬೀದಿಯೇ ಘಮಘಮ. ಆ ಪರಿಮಳದಲ್ಲಿ ಲಿನಲೂಲ್ ಎಂಬ ಆಲ್ಕೋಹಾಲ್ ಇದೆ. ಹೌದು, ಆಲ್ಕೋಹಾಲ್. ಆ ಪದ ಶೇಂದಿ ಅಂಗಡಿಯ ಸ್ವತ್ತೇನಲ್ಲ. ದ್ವಿಬಂಧವಿಲ್ಲದ (ಪಕ್ಕದ ಪರಮಾಣುವಿಗೆ ಎರಡೆಳೆಯ ಬಂಧದಿಂದ ಅಂಟಿರದ) ಇಂಗಾಲಕ್ಕೆ ಓಎಚ್ ಗುಂಪು, ಅಂದರೆ ಆಮ್ಲಜನಕ-ಜಲಜನಕದ ಜೋಡಿ, ಅಂಟಿಕೊಂಡಿದ್ದರೆ ಆಯಿತು. ಲಿನಲೂಲ್‌ನ ಶಾಸ್ತ್ರೀಯ ಹೆಸರು 3,7-ಡೈಮೀಥೈಲ್‌ಆಕ್ಟಾ-1,6-ಡೈಈನ್-3-ಓಲ್. ಪಿಯುಸಿ ಮಕ್ಕಳನ್ನು ಬೆದರಿಸಲು ಇಷ್ಟು ಸಾಕು.

ಮೊದಲೇ ಒಂದು ಮಾತು. ರೂಢಿಯಂತೆ ‘ಎಥನಾಲ್’ ಎಂದು ಕನ್ನಡದಲ್ಲಿ ಬರೆದರೆ ಅದು ಆಲ್ಕೋಹಾಲೋ (ethanol), ಆಲ್ಡಿಹೈಡ್ ಎಂಬ ಬೇರೆ ಬಗೆಯ ಸಂಯುಕ್ತವೋ (ethanal) ತಿಳಿಯುವುದಿಲ್ಲ. ಹಾಗಾಗಿ ಆಲ್ಕೋಹಾಲ್ ಎಂದು ಸೂಚಿಸುವ ಕೊನೆಯ ಪ್ರತ್ಯಯವನ್ನು ಇಲ್ಲಿ ‘ಓಲ್’ ಎಂದೇ ಬರೆಯುತ್ತೇನೆ.

ಮೊದಲ ಹೆಜ್ಜೆ, ಸರಪಳಿ ಆರಿಸುವುದು. ಎಡವುವುದು ಇಲ್ಲೇ. ಸಾಲಾಗಿ ಆರು ಇಂಗಾಲ ಬರೆಯಿರಿ. ಎಡದಿಂದ ಮೂರನೆಯದರ ಕೆಳಗೆ ಇನ್ನೊಂದು ಇಂಗಾಲ ತೂಗುಹಾಕಿ, ಅದಕ್ಕೆ ಓಎಚ್ ಕಟ್ಟಿ. ಕಪ್ಪುಹಲಗೆಯ ಮೇಲೆ ಇದನ್ನು ಬರೆದಾಗಲೆಲ್ಲ ಹಿಂದಿನ ಬೆಂಚಿನಿಂದ ‘ಹೆಕ್ಸೇನ್ ಸರ್’ (ಆರು ಇಂಗಾಲದ ಸರಪಳಿ) ಎಂಬ ಕೂಗು ಬರುತ್ತದೆ. ಆದರೆ ಆ ಆರರ ಸಾಲಿನಲ್ಲಿ ಓಎಚ್ ಹೊತ್ತ ಇಂಗಾಲವೇ ಇಲ್ಲವಲ್ಲ! ತೂಗುವ ಇಂಗಾಲದಿಂದ ಹೊರಟು, ಮೇಲೆ ಹತ್ತಿ, ಬಲಕ್ಕೆ ತಿರುಗಿ ಎಣಿಸಿ: ಐದು, ಅಂದರೆ ‘ಪೆಂಟ್’. ಎಡಕ್ಕೆ ಉಳಿದ ಎರಡು ಈಥೈಲ್ ಕವಲು. ಹೆಸರು 2-ಈಥೈಲ್‌ಪೆಂಟನ್-1-ಓಲ್. ಉದ್ದದ ಸರಪಳಿ ಬೇಕು, ನಿಜ. ಓಎಚ್ ಅದರಲ್ಲೇ ಇರಬೇಕು.

ಇನ್ನು ಎಣಿಕೆ. ಓಎಚ್ ಯಾವ ತುದಿಗೆ ಹತ್ತಿರವೋ ಅಲ್ಲಿಂದ ಆರಂಭ. ದ್ವಿಬಂಧ ಎಷ್ಟೇ ತಗಾದೆ ಮಾಡಿದರೂ ಮೊದಲ ಮಣೆ ಓಎಚ್‌ಗೆ. ಉಂಗುರವಾದರೆ ಓಎಚ್ ಇರುವ ಇಂಗಾಲವೇ 1. ಸ್ಯಾನಿಟೈಸರ್ ಬಾಟಲಿಯ ಮೇಲಿನ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೂರು ಇಂಗಾಲ, ನಡುವಿನದಕ್ಕೆ ಓಎಚ್, ಆದ್ದರಿಂದ ಪ್ರೊಪನ್-2-ಓಲ್.

ಪ್ರತ್ಯಯದ ವಿಷಯದಲ್ಲಿ ಕನ್ನಡಿಗರು ಅದೃಷ್ಟವಂತರು. ಇದು ಶುದ್ಧ ಲೋಪಸಂಧಿ. ಊರು, ಊರು ಸೇರಿ ‘ಊರೂರು’ ಆಗುವಾಗ ಉಕಾರ ಬಿದ್ದುಹೋಗುವಂತೆ, ಪ್ರೊಪೇನ್‌ನ ಇಂಗ್ಲಿಷ್ ಕಾಗುಣಿತದ ಕೊನೆಯ ‘ಇ’ ಅಕ್ಷರ ‘ಓಲ್’ ಎದುರು ಬಿದ್ದುಹೋಗುತ್ತದೆ. ಮುಂದೆ ವ್ಯಂಜನ ಬಂದರೆ? ‘ಊರುಕೇರಿ’ಯಲ್ಲಿ ಉಕಾರ ಉಳಿಯಿತು. ಎರಡು ಓಎಚ್ ಇದ್ದಾಗ ಬರುವ ‘ಡೈಓಲ್’ ಎದುರು ‘ಇ’ಯೂ ಉಳಿಯುತ್ತದೆ. ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟ್‌ನಲ್ಲಿರುವ ಈಥೇನ್-1,2-ಡೈಓಲ್, ಗ್ಲಿಸರಿನ್ ಎನಿಸಿಕೊಳ್ಳುವ ಪ್ರೊಪೇನ್-1,2,3-ಟ್ರೈಓಲ್ ಎರಡರಲ್ಲೂ ಹೀಗೆಯೇ.

ಕವಲುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಮುಂದೆ ಸೇರಿಸಿ. ಡೈ, ಟ್ರೈಗಳನ್ನು ಆ ಕ್ರಮದಲ್ಲಿ ಲೆಕ್ಕಕ್ಕೆ ಹಿಡಿಯಬೇಡಿ. ಅಂಕೆಗಳ ನಡುವೆ ಅಲ್ಪವಿರಾಮ, ಅಂಕೆ ಮತ್ತು ಅಕ್ಷರದ ನಡುವೆ ಅಡ್ಡಗೆರೆ. ಇಷ್ಟಕ್ಕೇ ಅಂಕ ಕಳೆದುಕೊಳ್ಳುವವರಿದ್ದಾರೆ.

ಈಗ ಮಲ್ಲಿಗೆಗೆ ಬನ್ನಿ. ‘ಆಕ್ಟಾ’ ಎಂದರೆ ಎಂಟು ಇಂಗಾಲದ ಸರಪಳಿ. ಓಎಚ್ ಒಂದು ತುದಿಯಿಂದ ಮೂರನೆಯದು, ಇನ್ನೊಂದು ತುದಿಯಿಂದ ಆರನೆಯದು, ಮೂರೇ ಗೆದ್ದಿತು. ‘ಡೈಈನ್’ ಹೇಳುವ ಎರಡು ದ್ವಿಬಂಧಗಳು 1 ಮತ್ತು 6ರಿಂದ ಹೊರಡುತ್ತವೆ. 3 ಮತ್ತು 7ರಲ್ಲಿ ಒಂದೊಂದು ಮೀಥೈಲ್, ಅಂದರೆ ಒಂದೇ ಇಂಗಾಲದ ಕವಲು. ಬರೆದಾದ ಮೇಲೆ ಹೆಸರಿನೊಳಗಿನ ಇಂಗಾಲಗಳನ್ನು ಕೂಡಿಸಿ: ಸರಪಳಿಯ ಎಂಟು, ಕವಲಿನ ಎರಡು, ಒಟ್ಟು ಹತ್ತು. ಅಣುವಿನ ಚಿತ್ರದಲ್ಲೂ ಹತ್ತೇ ಇರಬೇಕು. ತಾಳೆಯಾಗದಿದ್ದರೆ ಎಲ್ಲೋ ಒಂದು ಕವಲು ಕೈತಪ್ಪಿದೆ. ಪೆನ್ಸಿಲ್ ಹಿಡಿದು ಓಎಚ್‌ನಿಂದಲೇ ಮತ್ತೆ ಹೊರಡಿ.