ವೋಟಿಗೆ ಮುಂಚೆ ಒಂದು ಲೆಕ್ಕ: ಮಿಷಿಗನ್‌ನಿಂದ ನನ್ನ ಅನುಭವ

2024ರ ಅಧ್ಯಕ್ಷರ ಚುನಾವಣೆಗೆ ನಾನೊಂದು ಎಕ್ಸೆಲ್ ಶೀಟ್ ಮಾಡಿಕೊಂಡಿದ್ದೆ. ಎಕಾನಮಿ ಬಗ್ಗೆ ಟ್ರಂಪ್ ಏನು ಹೇಳುತ್ತಾರೆ, ಹ್ಯಾರಿಸ್ ಏನು ಹೇಳುತ್ತಾರೆ, ಅದರಲ್ಲಿ ನಮ್ಮ ಮನೆಗೆ ತಟ್ಟುವುದು ಎಷ್ಟು ಡಾಲರ್ ಅಂತ. ನ್ಯೂಜೆರ್ಸಿಯಲ್ಲಿರುವ ಭಾವ ಆಗ, "ವೋಟು ಹಾಕೋಕೂ ಎಕ್ಸೆಲ್ ಬೇಕೇನಯ್ಯಾ? ಹೇಳೋದೆಲ್ಲ ಬರೀ ಮಾತು. ಮನಸ್ಸಿಗೆ ಬಂದವರಿಗೆ ಹಾಕು" ಅಂದಿದ್ದರು. ವಾಟ್ಸಾಪ್ ಗುಂಪಿನಲ್ಲೂ ಯಾರೂ ಸೊಪ್ಪು ಹಾಕಲಿಲ್ಲ. ಈಗ ನೋಡಿದರೆ ಶೀಟಿನಲ್ಲಿ ಬರೆದಿದ್ದು ಬಹುಪಾಲು ಹಾಗೇ ನಡೆದಿದೆ. 2026ರ ಮಿಡ್‌ಟರ್ಮ್‌ಗೆ (ಅಧ್ಯಕ್ಷರ ಅವಧಿಯ ಮಧ್ಯೆ ಬರುವ ಸಂಸತ್ತಿನ ಚುನಾವಣೆಗೆ) ಅದನ್ನು ಕಳಿಸಿಕೊಡು ಅಂತ ಭಾವನೇ ಕೇಳಿದ್ದಾರೆ. ಬೇರೆಯವರಿಗೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಎಲೆಕ್ಟೋರಲ್ ಕಾಲೇಜು, ಪ್ರೈಮರಿ ಇವೆಲ್ಲ ಇಲ್ಲಿ ವೋಟು ಹಾಕುವವರಿಗೆ ಗೊತ್ತೇ ಇದೆ, ಬಿಡಿ. ಆದರೆ ಒಂದು ಮಾತು. ಮಿಷಿಗನ್ 2016ರಲ್ಲಿ ಸುಮಾರು 10,700 ವೋಟಿನಲ್ಲಿ ತೀರ್ಮಾನವಾದ ರಾಜ್ಯ. ನಮ್ಮ ಮನೆಯ ಎರಡು ವೋಟನ್ನು ಸುಮ್ನೆ ಕಣ್ಣು ಮುಚ್ಚಿ ಹಾಕಲು ನನಗೆ ಮನಸ್ಸಿರಲಿಲ್ಲ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳುತ್ತೇನೆ. 1980ರ ಡಿಬೇಟಿನಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರೇಗನ್ ಕೇಳಿದ ಪ್ರಶ್ನೆ ಇದೆಯಲ್ಲ, ನಾಲ್ಕು ವರ್ಷದ ಹಿಂದಿಗಿಂತ ಈಗ ಚೆನ್ನಾಗಿದ್ದೀರಾ ಅಂತ? ಅದನ್ನೇ ನಮ್ಮ ಮನೆಗೆ ಹಚ್ಚಿ ನೋಡಿದೆ. ಸಂಬಳ ಏರಿತ್ತು, ನಿವೃತ್ತಿಗೆ ಕೂಡಿಡುವ 401ಕೆ ಖಾತೆ ಏರಿತ್ತು, ದಿನಸಿ ಬಿಲ್ಲೂ ಏರಿತ್ತು. ಹೋಲಿಸಬೇಕಾಗಿದ್ದು 2020ರ ಜೊತೆ. ಆ ವರ್ಷ ಏಪ್ರಿಲ್‌ನಲ್ಲಿ ದೇಶದ ನಿರುದ್ಯೋಗ 14 ಪರ್ಸೆಂಟ್ ದಾಟಿತ್ತು, ಗ್ಯಾಸು, ಅಂದರೆ ಪೆಟ್ರೋಲು, ಗ್ಯಾಲನ್ನಿಗೆ ಎರಡು ಡಾಲರ್ ಒಳಗೆ ಸಿಗುತ್ತಿತ್ತು. ಅಂಥ ವರ್ಷವನ್ನು ಹಿಡಿದು ಅಳೆದರೆ ಯಾರಿಗೆ ಯಾವ ಉತ್ತರ ಬೇಕೋ ಅದೇ ಬರುತ್ತದೆ. ಅಲ್ಲದೆ ಆ ಪ್ರಶ್ನೆ ಹಿಂದಿನದನ್ನು ಕೇಳುತ್ತದೆ. ನಾನು ವೋಟು ಹಾಕುವುದು ಮುಂದಿನ ನಾಲ್ಕು ವರ್ಷಕ್ಕೆ.

ಷೇರು ಮಾರುಕಟ್ಟೆ ನೋಡಿ ತೀರ್ಮಾನ ಮಾಡುವವರೂ ಇದ್ದಾರೆ. 2016ರ ಫಲಿತಾಂಶದ ರಾತ್ರಿ ಫ್ಯೂಚರ್ಸ್, ಅಂದರೆ ಮಾರುಕಟ್ಟೆ ತೆರೆಯುವ ಮೊದಲೇ ನಡೆಯುವ ಮುಂಗಡ ವ್ಯವಹಾರದ ಬೆಲೆಗಳು, ಪಾತಾಳಕ್ಕೆ ಇಳಿದವು. ನನ್ನ ಗೆಳೆಯನೊಬ್ಬ ಗಾಬರಿಯಲ್ಲಿ ಬೆಳಗ್ಗೆಯೇ ಮಾರಿದ. ಅದೇ ದಿನ ಸಂಜೆ ಮಾರುಕಟ್ಟೆ ಮೇಲೆ ನಿಂತಿತ್ತು. ಅವನಿಗೆ ಆರೇಳು ಸಾವಿರ ಡಾಲರ್ ಕೈತಪ್ಪಿತು. ಟ್ರಂಪ್ ಕಾಲದಲ್ಲೂ ಷೇರು ಏರಿದೆ, ಬೈಡನ್ ಕಾಲದಲ್ಲೂ ಏರಿದೆ. ಅದರಿಂದ ಅಭ್ಯರ್ಥಿಯ ಬಗ್ಗೆ ಏನೂ ತಿಳಿಯುವುದಿಲ್ಲ.

2024ರ ಜೂನ್‌ನಲ್ಲಿ 16 ಮಂದಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರು ಪತ್ರ ಬರೆದರು. ಟ್ರಂಪ್ ಬಂದರೆ ಹಣದುಬ್ಬರ ಮತ್ತೆ ಏಳುತ್ತದೆ ಅಂತ. ಅಕ್ಟೋಬರ್‌ನಲ್ಲಿ ಬಜೆಟ್ ಲೆಕ್ಕ ನೋಡುವ ಒಂದು ಸಂಸ್ಥೆ ಅಂದಾಜು ಕೊಟ್ಟಿತು. ಹತ್ತು ವರ್ಷದಲ್ಲಿ ಟ್ರಂಪ್ ಮಾತು ಕೊಟ್ಟಿದ್ದಕ್ಕೆಲ್ಲ ಸುಮಾರು 7.5 ಟ್ರಿಲಿಯನ್ ಡಾಲರ್ ಸಾಲ, ಹ್ಯಾರಿಸ್‌ದಕ್ಕೆ ಸುಮಾರು 3.5. ನಮ್ಮ ಮಕ್ಕಳು ತೀರಿಸಬೇಕಾದ ಸಾಲ ಅದು, ಹಾಗಾಗಿ ಶೀಟಿನಲ್ಲಿ ಒಂದು ಸಾಲು ಅದಕ್ಕೂ ಇಟ್ಟೆ. ಆದರೆ ಆ ಅಂಕಿ ನಿಜವಾಗಬೇಕಾದರೆ ಹೇಳಿದ್ದೆಲ್ಲ ಕಾಂಗ್ರೆಸ್ಸಿನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, ಪಾಸಾಗಬೇಕು. ಅಷ್ಟೂ ಪಾಸಾಗಿದ್ದು ಯಾವಾಗ ಹೇಳಿ?

ನನಗೆ ದಾರಿ ಸಿಕ್ಕಿದ್ದು ಅಕ್ಕಿಯಿಂದ. 2023ರ ಜುಲೈ 20ಕ್ಕೆ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತಲ್ಲ, ಆ ವಾರ ಇಂಡಿಯನ್ ಅಂಗಡಿಗಳಲ್ಲಿ ಇದ್ದವರಿಗೆ ನೆನಪಿರುತ್ತದೆ. ಸೋನಾ ಮಸೂರಿಗೆ ಸಾಲು. ಮನೆಗೊಂದೇ ಚೀಲ ಅಂತ ಬಾಗಿಲಿಗೆ ಚೀಟಿ. ಇಪ್ಪತ್ತು ಡಾಲರ್ ಆಸುಪಾಸಿನ 20 ಪೌಂಡ್ ಚೀಲವನ್ನು ನಾನು 32ಕ್ಕೋ 34ಕ್ಕೋ ತಂದೆ. ಸಾಲಿನಲ್ಲಿ ನನ್ನ ಹಿಂದಿದ್ದವರು ಬೈಡನ್‌ಗೆ ಬೈಯುತ್ತಿದ್ದರು. ನಿರ್ಧಾರ ಆಗಿದ್ದು ದೆಹಲಿಯಲ್ಲಿ! ನಿಷೇಧ ತೆಗೆದದ್ದು 2024ರ ಸೆಪ್ಟೆಂಬರ್ ಕೊನೆಗೆ, ಅದೂ ದೆಹಲಿಯಲ್ಲೇ.

ಇದು ಹೊಳೆದ ರಾತ್ರಿಯೇ ಶೀಟಿಗೆ ಮೂರು ಖಾನೆ ಹಾಕಿದೆ. ಅಧ್ಯಕ್ಷರು ತಾವೇ ಸಹಿ ಹಾಕಿದರೆ ಆಗುವಂಥದ್ದು. ಕಾಂಗ್ರೆಸ್ ಒಪ್ಪಿದರೆ ಮಾತ್ರ ಆಗುವಂಥದ್ದು. ಯಾರು ಬಂದರೂ ಅವರ ಕೈಯಲ್ಲಿಲ್ಲದ್ದು. ವಾದ ಸರಿಯೋ ತಪ್ಪೋ ಅಂತ ಜಗಳ ಆಡುವ ಮೊದಲು ಅದು ಯಾವ ಖಾನೆಗೆ ಸೇರುತ್ತದೆ ಅಂತ ನೋಡಬೇಕು. ಮೊದಲನೆಯದಕ್ಕೆ ಪೂರ್ತಿ ತೂಕ. ಮೂರನೆಯದಕ್ಕೆ ಸೊನ್ನೆ. ಎರಡನೆಯದಕ್ಕೆ ಸೆನೆಟ್ (ಕಾಂಗ್ರೆಸ್ಸಿನ ಮೇಲ್ಮನೆ) ಹೇಗಿರಬಹುದು ಅನ್ನುವುದರ ಮೇಲೆ ಒಂದಷ್ಟು ಕಡಿತ. ಆ ಕಡಿತ ಎಷ್ಟು, ಹೇಗೆ ಲೆಕ್ಕ ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಭಾವನಿಗೂ ಹೇಳಿಲ್ಲ.

ಮೂರನೇ ಖಾನೆ ಎಷ್ಟು ಬೇಗ ತುಂಬಿತು ಗೊತ್ತಾ? ಅಕ್ಕಿ ಅಲ್ಲಿಗೆ ಹೋಯಿತು. ಹಕ್ಕಿಜ್ವರದಿಂದ ಏರಿದ ಮೊಟ್ಟೆ ಹೋಯಿತು. ಗ್ಯಾಸೂ ಹೆಚ್ಚುಕಡಿಮೆ ಅಲ್ಲಿಗೇ. ದೊಡ್ಡದು ಅಂದರೆ ಮನೆಸಾಲ. 30 ವರ್ಷದ ಮೂರೂವರೆ ಲಕ್ಷ ಡಾಲರ್ ಸಾಲಕ್ಕೆ 3 ಪರ್ಸೆಂಟ್ ಬಡ್ಡಿಯಾದರೆ ತಿಂಗಳ ಕಂತು 1,475ರ ಹತ್ತಿರ. 7 ಪರ್ಸೆಂಟ್ ಆದರೆ 2,330ರ ಹತ್ತಿರ. 2021ರಲ್ಲಿ ಮನೆ ತಗೊಂಡವರಿಗೂ 2023ರಲ್ಲಿ ತಗೊಂಡವರಿಗೂ ಇಷ್ಟು ವ್ಯತ್ಯಾಸ. ಆದರೆ ಬಡ್ಡಿ ಏರಿಸಿದ್ದು ಇಲ್ಲಿನ ಕೇಂದ್ರ ಬ್ಯಾಂಕು, ಫೆಡ್. ಅದರ ಆಗಿನ ಮುಖ್ಯಸ್ಥ ಪಾವೆಲ್ ಅವರನ್ನು ನೇಮಿಸಿದ್ದು ಟ್ರಂಪ್, ಮತ್ತೆ ಮುಂದುವರಿಸಿದ್ದು ಬೈಡನ್. ಹಾಗಾಗಿ ನಮ್ಮ ಮನೆಯಲ್ಲಿ ಅತಿ ಜಾಸ್ತಿ ಚರ್ಚೆಯಾದ ವಿಷಯಕ್ಕೆ ಶೀಟಿನಲ್ಲಿ ಬಿದ್ದಿದ್ದು ಸೊನ್ನೆ. ನನ್ನ ಹೆಂಡತಿಗೆ ಇದನ್ನು ಒಪ್ಪಿಸಲು ಒಂದು ವಾರ ಬೇಕಾಯಿತು.

ಎರಡನೇ ಖಾನೆಯಲ್ಲಿ ತೆರಿಗೆ. 2017ರ ತೆರಿಗೆ ಕಾನೂನಿನ 10,000 ಡಾಲರ್ ಸಾಲ್ಟ್ ಮಿತಿಯ (ರಾಜ್ಯ ಮತ್ತು ಸ್ಥಳೀಯ ತೆರಿಗೆಗೆ ಸಿಗುವ ವಿನಾಯಿತಿಯ ಮಿತಿ) ಬಗ್ಗೆ ಎಲ್ಲರೂ ಕೂಗಾಡುತ್ತಿದ್ದರು. ನಾನು ನಮ್ಮ ರಿಟರ್ನ್ ತೆಗೆದು ನೋಡಿದೆ. ಆಸ್ತಿ ತೆರಿಗೆ ಏಳು ಸಾವಿರ ಚಿಲ್ಲರೆ, ರಾಜ್ಯದ ತೆರಿಗೆ ಏಳೆಂಟು ಸಾವಿರ, ಮನೆಸಾಲದ ಬಡ್ಡಿ ಒಂಬತ್ತು. ಮಿತಿಯನ್ನು ಪೂರ್ತಿ ತೆಗೆದು ಕೂಡಿದರೂ ಲೆಕ್ಕ ತೋರಿಸದೆಯೇ ಗಂಡ ಹೆಂಡತಿಗೆ ಸಿಗುತ್ತಿದ್ದ ಆ ವರ್ಷದ 29,200 ಸ್ಟ್ಯಾಂಡರ್ಡ್ ಡಿಡಕ್ಷನ್ ಮುಟ್ಟುವುದಿಲ್ಲ. ನಮಗೆ ಅದರಿಂದ ಒಂದು ಡಾಲರ್ ಲಾಭವೂ ಇಲ್ಲ, ನಷ್ಟವೂ ಇಲ್ಲ. ಭಾವನಿಗೆ ಹಾಗಲ್ಲ. ಅವರ ಆಸ್ತಿ ತೆರಿಗೆಯೇ ಹದಿನೈದು ಸಾವಿರ. ಅದಕ್ಕೇ ಇನ್ನೊಬ್ಬರ ಶೀಟನ್ನು ಹಾಗೇ ನಕಲು ಮಾಡಬೇಡಿ.

ಮೊದಲ ಖಾನೆಯಲ್ಲಿ ಉಳಿದಿದ್ದು ಮುಖ್ಯವಾಗಿ ಸುಂಕ, ಅಂದರೆ ಟ್ಯಾರಿಫ್. ಇಲ್ಲಿ ನನ್ನ ಕೆಲಸದ ಅನುಭವ ಕೈ ಹಿಡಿಯಿತು. ನಾನು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಪರ್ಚೇಸ್ ನೋಡುತ್ತೇನೆ. 2018ರಲ್ಲಿ ಉಕ್ಕಿಗೆ 25 ಪರ್ಸೆಂಟ್ ಸುಂಕ ಬಿದ್ದಾಗ ಬೆಲೆಯ ಮೇಲೆ ಇನ್ನಷ್ಟು ಕೊಡಿ ಅನ್ನುವ ಸರ್ಚಾರ್ಜ್ ಪತ್ರ ನನ್ನ ಮೇಜಿಗೇ ಬಂತು. ಹೊರಗಿನಿಂದ ತರಿಸುವವರು ಏರಿಸಿದ್ದು ಸರಿ. ಒಂದು ಪೈಸೆ ಸುಂಕ ಕಟ್ಟದ, ಪಕ್ಕದ ರಾಜ್ಯದ ಸಪ್ಲೈಯರ್ ಕೂಡ ಏರಿಸಿದ. ಯಾಕೆ ಅಂತ ಫೋನಿನಲ್ಲಿ ಕೇಳಿದರೆ, ಮಾರ್ಕೆಟ್ ರೇಟ್ ಅಂದ. ವಾಷಿಂಗ್ ಮಷಿನ್ನಿಗೂ ಅದೇ ಆಯಿತು. ಅದೇ ವರ್ಷ ಸುಂಕ ಹಾಕಿದ್ದು ವಾಷರ್‌ಗೆ ಮಾತ್ರ, ಆದರೆ ಜೋಡಿಯಾಗಿ ಮಾರುವ ಡ್ರೈಯರ್ ಬೆಲೆಯೂ ಏರಿತು. ಎರಡಕ್ಕೂ ತಲಾ ಹತ್ತಿರ ಹತ್ತಿರ 90 ಡಾಲರ್ ಅಂತ ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿದರು. ಬರೀ ಆಮದಾದ ಸಾಮಾನನ್ನು ಲೆಕ್ಕ ಹಾಕಿದರೆ ಸಾಲದು ಅನ್ನುವುದು ಇದಕ್ಕೇ.

ಒಂದು ವರ್ಷದ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ತೆಗೆದು ಹೈಲೈಟರ್ ಹಿಡಿದು ಕೂತೆ. ಫೋನು, ಬಟ್ಟೆ, ಸೋಫಾ, ಬೇಳೆ, ಮಸಾಲೆ, ಟೈರು. ಹೊರಗಿನಿಂದ ಬಂದದ್ದು ಹನ್ನೊಂದು, ಹನ್ನೆರಡು ಸಾವಿರ ಡಾಲರ್. ಅಂಗಡಿ ಬೆಲೆಯಲ್ಲಿ ಸುಮಾರು ಅರ್ಧ ಮಾತ್ರ ಬಂದರಿನಲ್ಲಿನ ಬೆಲೆ ಅಂತ ಹಿಡಿದೆ. ಟ್ರಂಪ್ ಹೇಳಿದ 10ರಿಂದ 20 ಪರ್ಸೆಂಟ್ ಹಾಕಿದರೆ ವರ್ಷಕ್ಕೆ 550ರಿಂದ 1,200. ಅದರ ಮೇಲೆ ಆ ಪಕ್ಕದ ರಾಜ್ಯದ ಸಪ್ಲೈಯರ್ ಥರದವರಿಗಾಗಿ ಇನ್ನೊಂದಿಷ್ಟು. ಎದುರಿಗೆ ನನ್ನ ಕಂಪನಿಗೆ ಹೊಸ ಆರ್ಡರ್ ಬರುವ ಸಾಧ್ಯತೆಯನ್ನೂ ಬರೆದೆ. ಏಕೆಂದರೆ ಹೊರಗಿನ ಭಾಗ ತುಟ್ಟಿಯಾದರೆ ನಮ್ಮದಕ್ಕೆ ಗಿರಾಕಿ ಸಿಗಬಹುದು. ಅದನ್ನು ಬಿಟ್ಟರೆ ಲೆಕ್ಕ ಪ್ರಾಮಾಣಿಕ ಆಗುವುದಿಲ್ಲ.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. ನವರಾತ್ರಿಗೆ ಗೊಂಬೆ ನೋಡಲು ಬಂದವರಿಗೆ ಕೋಸಂಬರಿ ಕೊಟ್ಟು, ಜೊತೆಗೆ ಹೆಸರಿಲ್ಲದ ಚೀಟಿಗಳನ್ನೂ ಕೊಟ್ಟೆ. ಇದು ಯಾರದು ಹೇಳಿ ಅಂತ. "ಕ್ರೆಡಿಟ್ ಕಾರ್ಡ್ ಬಡ್ಡಿಗೆ 10 ಪರ್ಸೆಂಟ್ ಮಿತಿ" ಅನ್ನುವುದನ್ನು ಹೆಚ್ಚಿನವರು ಹ್ಯಾರಿಸ್ ಅಂದರು. ಅದು ಟ್ರಂಪ್‌ದು. "ಚೀನಾದ ಎಲೆಕ್ಟ್ರಿಕ್ ಕಾರಿಗೆ 100 ಪರ್ಸೆಂಟ್ ಸುಂಕ" ಟ್ರಂಪ್‌ದೇ ಅಂದರು. ಅದು ಬೈಡನ್ ಸರ್ಕಾರದ್ದು. ಟಿಪ್ಸ್ ಮೇಲೆ ತೆರಿಗೆ ಬೇಡ ಅಂತ ಇಬ್ಬರೂ ಹೇಳಿದ್ದರು. ಹೆಸರು ತೆಗೆದ ಮೇಲೆ ಜನ ಚೀಟಿಯನ್ನು ಎರಡೆರಡು ಸಲ ಓದಿದರು. ಅಲ್ಲಿಂದ ನನ್ನ ಶೀಟಿನಲ್ಲೂ ಅಭ್ಯರ್ಥಿಗಳ ಹೆಸರು ತೆಗೆದು ಬರೀ ಎ, ಬಿ ಇಟ್ಟೆ.

ಇನ್ನು ಆದದ್ದೇನು ಅಂತ. ಮೊದಲ ಖಾನೆಯದು ಮೊದಲೇ ಬಂತು, ಅದೂ ನಾನು ಹಿಡಿದಿದ್ದಕ್ಕಿಂತ ಜೋರಾಗಿ. 2025ರ ಏಪ್ರಿಲ್‌ನಲ್ಲಿ ಹೊರದೇಶದ ಕಾರಿಗೆ 25 ಪರ್ಸೆಂಟ್, ಮೇ ತಿಂಗಳಲ್ಲಿ ಬಿಡಿಭಾಗಕ್ಕೂ. ಜೂನ್‌ನಲ್ಲಿ ಉಕ್ಕಿಗೆ 50. ಆಗಸ್ಟ್ 27ಕ್ಕೆ ಭಾರತದ ಹೆಚ್ಚಿನ ಸಾಮಾನಿಗೂ 50 ಬಿತ್ತು. ನವೆಂಬರ್‌ನಲ್ಲಿ ಕಾಫಿ, ಮಸಾಲೆಗೆ ವಿನಾಯಿತಿ ಕೊಟ್ಟಿದ್ದು ಕೂಡ ಒಂದೇ ಸಹಿಯಲ್ಲಿ.

ಎರಡನೇ ಖಾನೆಯದು ನಿಧಾನಕ್ಕೆ, ರೂಪ ಬದಲಿಸಿಕೊಂಡು ಬಂತು. ಸೋಷಿಯಲ್ ಸೆಕ್ಯುರಿಟಿ ಮೇಲೆ ತೆರಿಗೆಯೇ ಇಲ್ಲ ಅಂದಿದ್ದು 2025ರ ಜುಲೈ 4ರ ಕಾನೂನಿನಲ್ಲಿ ಹಿರಿಯರಿಗೆ 6,000 ಡಾಲರ್ ಡಿಡಕ್ಷನ್ ಆಯಿತು. ಸಾಲ್ಟ್ ಮಿತಿ 40,000ಕ್ಕೆ ಏರಿತು, ಭಾವ ಖುಷಿಯಾದರು. ಊರಿಗೆ ಕಳಿಸುವ ದುಡ್ಡಿನ ಮೇಲಿನ ತೆರಿಗೆಯ ಕಥೆ ಕೇಳಿ. ಸಿಟಿಜನ್ ಅಲ್ಲದವರಿಗೆ 5 ಪರ್ಸೆಂಟ್ ಅಂತ ಶುರುವಾದಾಗ ಗ್ರೀನ್ ಕಾರ್ಡ್, ಎಚ್1ಬಿ ಗೆಳೆಯರಿಗೆಲ್ಲ ನಡುಕ. ಕೆಲವರು ಅವಸರದಲ್ಲಿ ಅಪ್ಪ ಅಮ್ಮನ ಖಾತೆಗೆ ಹತ್ತಿಪ್ಪತ್ತು ಸಾವಿರ ಡಾಲರ್ ಕಳಿಸಿದರು. ಇದು ಎರಡನೇ ಖಾನೆ, ಕರಗುತ್ತದೆ, ತಾಳಿ ಅಂತ ನಾನು ಗುಂಪಿನಲ್ಲಿ ಬರೆದೆ. ಕೆಳಮನೆಯಾದ ಹೌಸ್‌ನಲ್ಲಿ ಅದು 3.5 ಆಯಿತು. ಕಾನೂನಾದಾಗ ಉಳಿದಿದ್ದು 1 ಪರ್ಸೆಂಟ್, ಅದೂ ನಗದು, ಮನಿ ಆರ್ಡರ್ ಥರದ್ದು ಕೊಟ್ಟು ಕಳಿಸಿದರೆ ಮಾತ್ರ. ಬ್ಯಾಂಕಿನಿಂದ ಕಳಿಸುವವರಿಗೆ ಏನೂ ಇಲ್ಲ. ಗುಂಪಿನಲ್ಲಿ ನನ್ನ ಶೀಟನ್ನು ಜನ ಕೇಳತೊಡಗಿದ್ದು ಆಮೇಲೆಯೇ.

ನಾನು ವೋಟು ಹಾಕಿದ್ದು 'ಎ'ಗೋ 'ಬಿ'ಗೋ ಅಂತ ಹೇಳುವುದಿಲ್ಲ. ಎಕಾನಮಿ ಒಂದನ್ನೇ ನೋಡಿ ಹಾಕಿದ್ದೂ ಅಲ್ಲ. ಮಿಡ್‌ಟರ್ಮ್‌ಗೆ ಈಗ ಶೀಟು ತಿದ್ದುತ್ತಿದ್ದೇನೆ. ಕಾಂಗ್ರೆಸ್ ಸದಸ್ಯರಿಗೆ ಒಂಟಿ ಸಹಿಯ ಅಧಿಕಾರ ಇಲ್ಲ. ಹಾಗಾಗಿ ಮೊದಲ ಖಾನೆ ತೆಗೆದು, ಅಧ್ಯಕ್ಷರ ಸಹಿಗೆ ಈ ಅಭ್ಯರ್ಥಿ ತಡೆ ಹಾಕುತ್ತಾರಾ ಬಿಡುತ್ತಾರಾ ಅನ್ನುವ ಹೊಸ ಖಾನೆ ಸೇರಿಸಿದ್ದೇನೆ. ಅದಕ್ಕೆ ತೂಕ ಎಷ್ಟು ಕೊಡಬೇಕು ಅನ್ನುವುದು ಇನ್ನೂ ಕೂತಿಲ್ಲ. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆ ಯಾರಾದರೂ ಇಂಥದ್ದನ್ನು ಮಾಡಿ ನೋಡಿದ್ದರೆ ನಿಮ್ಮ ಅಂಕಿ ಹೇಳಿ, ಹೋಲಿಸಿ ನೋಡೋಣ.